ರೇಣುಕಯ್ಯನ ಸದ್ದಿಲ್ಲದ ಬಸ್ಸು

ಕೊರಟಗೆರೆಯ ರೇಣುಕಯ್ಯ ಮೋಟಾರು ರಿಪೇರಿಗೆ ಬಂದದ್ದು ಹಾರ್ಮೋನಿಯಂ ದಾರಿಯಿಂದ. ಮೀಸೆ ಮೂಡುವ ಮೊದಲೇ ಒಂದು ನಾಟಕ ಕಂಪನಿ ಸೇರಿ, ಅದರ ಪೆಟ್ಟಿಗೆಗಳ ತಿದಿ ಹೊಲಿದುಕೊಂಡು, ರೀಡು ಕೆರೆದು ಶ್ರುತಿ ಕೂಡಿಸಿಕೊಂಡು ಕಾಲ ಹಾಕುತ್ತಿದ್ದ. ಪಾರ್ಟು ಮಾತ್ರ ಯಾರೂ ಕೊಡಲಿಲ್ಲ. ಮುಖಕ್ಕೆ ಬಣ್ಣ ತಾಗಿದರೆ ಸಾಕು, ಅವನಿಗೆ ಸೀನು ಹತ್ತಿಕೊಳ್ಳುತ್ತಿತ್ತು. ಕಂಪನಿ ಮಧುಗಿರಿಯಲ್ಲಿ ಮೊಕ್ಕಾಂ ಮಾಡಿದ್ದಾಗ ದ್ರೌಪದಿ ಪಾತ್ರದವನಿಗೂ ದುಶ್ಶಾಸನನ ಪಾತ್ರದವನಿಗೂ ನಿಜವಾದ ಜಗಳ ಬಿತ್ತು. ದುಶ್ಶಾಸನ ಕಂಪನಿಯ ಸೀರೆಗಳನ್ನೆಲ್ಲ ಗಂಟು ಕಟ್ಟಿಕೊಂಡು ಹೇಳದೆ ಕೇಳದೆ ಊರು ಬಿಟ್ಟ. ಸೀರೆಯಿಲ್ಲದ ಮೇಲೆ ನಾಟಕವೆಲ್ಲಿಂದ? ಕಂಪನಿ ಒಡೆಯಿತು. ರೇಣುಕಯ್ಯ ಬಗಲಲ್ಲಿ ಒಂದು ಹಳೇ ಪೆಟ್ಟಿಗೆ ಇಟ್ಟುಕೊಂಡು ಮಧುಗಿರಿಯ ಬಸ್ ಸ್ಟ್ಯಾಂಡಿನಲ್ಲಿ ಕೂತ.

ಅಲ್ಲಿ ವೃಷಭೇಂದ್ರಪ್ಪನೆಂಬ ಕಡಲೆಕಾಯಿ ವ್ಯಾಪಾರಿಯ ಬಸ್ಸು ನಿಂತಿತ್ತು. ಮಧುಗಿರಿಯಿಂದ ಪಾವಗಡಕ್ಕೆ ಹೋಗಿಬರುವ ಬಸ್ಸು. ಅದರ ಹಾರನ್ನು ಕೆಟ್ಟು, ರಬ್ಬರಿನ ಬುರುಡೆ ಒತ್ತಿದಾಗಲೆಲ್ಲ ಗಂಟಲು ಕಟ್ಟಿದ ಎಮ್ಮೆಯ ಹಾಗೆ ಕೂಗುತ್ತಿತ್ತು. ಆ ಸದ್ದನ್ನು ತಡೆಯಲಾರದೆ ರೇಣುಕಯ್ಯ ಎದ್ದು ಹೋಗಿ, ಯಾರನ್ನೂ ಕೇಳದೆ ಹಾರನ್ನು ಬಿಚ್ಚಿ, ಒಳಗಿದ್ದ ಹಿತ್ತಾಳೆಯ ನಾಲಗೆಯನ್ನು ಕೆರೆದು ಕೂಡಿಸಿದ. ಡ್ರೈವರು ಸಿರಾದ ನಸ್ರುಲ್ಲಾ ಒತ್ತಿ ನೋಡಿದರೆ ಶುದ್ಧ ಮಧ್ಯಮ ನುಡಿಯಿತು. ಕೇಳಿದ ವೃಷಭೇಂದ್ರಪ್ಪನಿಗೆ ಎಷ್ಟು ಖುಷಿಯಾಯಿತೆಂದರೆ ಅಲ್ಲೇ ನಿಂತು, "ಹಾರನ್ನು ರಿಪೇರಿ ಮಾಡೋನು ಎಂಜಿನ್ ರಿಪೇರಿ ಮಾಡಾಕಿಲ್ವಾ? ನಾಳೆಯಿಂದ ಬಂದ್ಬುಡು" ಎಂದುಬಿಟ್ಟ.

ಹಾಗೆ ರೇಣುಕಯ್ಯ ಮೆಕ್ಯಾನಿಕ್ ಆದ. ಬಸ್ ಸ್ಟ್ಯಾಂಡಿನ ಹುಣಸೇಮರದ ಕೆಳಗೆ ಕಾಫಿ ಮಾರುತ್ತಿದ್ದ ಪುಟ್ಟಕ್ಕನನ್ನು ಮದುವೆಯೂ ಆದ. ಪುಟ್ಟಕ್ಕನ ಬಾಯಿಗೆ ಅಮಲ್ದಾರರ ಕಚೇರಿಯ ಜವಾನನೂ ಹೆದರುತ್ತಿದ್ದನಂತೆ.

ಕೆಲಸ ಕಲಿತದ್ದು ಬೇಗ. ಆದರೆ ಒಂದು ಸಂಕಟ ಮಾತ್ರ ಅವನನ್ನು ಬಿಡಲಿಲ್ಲ. ಮೋಟಾರಿನ ಎಂಜಿನ್ನಿಗೂ ಮನುಷ್ಯನ ಹಾಗೆ ಉಸಿರು ಒಳಗೆಳೆದು ಹೊರಗೆ ಬಿಡುವ ಕೆಲಸ ಇದೆಯಷ್ಟೆ. ಅದಕ್ಕೆ ನೆತ್ತಿಯಲ್ಲಿ ನಾಯಿಕೊಡೆಯ ಆಕಾರದ ಮುಚ್ಚಳಗಳಿರುತ್ತವೆ, ವಾಲ್ವು ಎನ್ನುತ್ತಾರೆ. ಒಂದು ಸಲಾಕೆ ಗುದ್ದಿದರೆ ವಾಲ್ವು ತೆರೆಯುತ್ತದೆ, ಸ್ಪ್ರಿಂಗು ಜಗ್ಗಿದರೆ ಮುಚ್ಚುತ್ತದೆ. ಎಂಜಿನ್ ತಿರುಗುವಷ್ಟು ಹೊತ್ತೂ ಈ ಗುದ್ದಾಟವೇ. ಟಕಟಕ, ಟಕಟಕ. ಊರವರಿಗೆ ಅದು ಬಸ್ಸಿನ ಸದ್ದು. ಶ್ರುತಿ ಹಿಡಿದು ಬೆಳೆದ ರೇಣುಕಯ್ಯನಿಗೆ ಅದು ಯಾವ ಸ್ವರಕ್ಕೂ ಸೇರದ, ಯಾವ ತಾಳಕ್ಕೂ ಕೂರದ ಹಿಂಸೆ. ಮಧುಗಿರಿ ಬಿಡುವಾಗಲೇ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದ. ಜನ ಅವನನ್ನು ಕಿವುಡನೆಂದು ತಿಳಿದು ಕೂಗಿ ಮಾತಾಡಿಸತೊಡಗಿದರು. ಅದು ಇನ್ನೊಂದು ಹಿಂಸೆಯಾಯಿತು.

ಅಷ್ಟರಲ್ಲಿ ಯುದ್ಧ ಬಂತು. ಪೆಟ್ರೋಲಿಗೆ ರೇಷನ್ನಾಗಿ ಎಲ್ಲ ಬಸ್ಸುಗಳ ಹಿಂದೆಯೂ ಇದ್ದಿಲು ಉರಿಸುವ ಒಂದೊಂದು ಕೊಳಗ ಬಂದು ಕೂತಿತು. ಇದ್ದಿಲಿನ ಗ್ಯಾಸಿನಲ್ಲಿ ಬಸ್ಸು ಓಡುತ್ತಿತ್ತು ನಿಜ, ಆದರೆ ಅದರ ಜೊತೆ ಬರುವ ಡಾಂಬರಿನಂಥ ಅಂಟು ವಾಲ್ವುಗಳಿಗೆ ಮೆತ್ತಿಕೊಂಡು ಅವು ತೆರೆದರೆ ತೆರೆದೇ ಇರುತ್ತಿದ್ದವು, ಮುಚ್ಚಿದರೆ ಮುಚ್ಚೇ ಇರುತ್ತಿದ್ದವು. ಹೊಸ ವಾಲ್ವುಗಳು ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ರೇಣುಕಯ್ಯ ದಿನ ಬೆಳಗಾದರೆ ಎಂಜಿನ್ನಿನ ತಲೆ ಬಿಚ್ಚುವುದು, ವಾಲ್ವು ಉಜ್ಜುವುದು, ಮತ್ತೆ ಕೂಡಿಸುವುದು.

ಒಂದು ದಿನ ಹಾಗೆ ಉಜ್ಜಿ ಉಜ್ಜಿ ಸಾಕಾಗಿ ಪುಟ್ಟಕ್ಕನ ಅಂಗಡಿಯಲ್ಲಿ ಕೂತಿದ್ದ. ಅವಳು ಬಿಸಿನೀರಿನ ಹಂಡೆಯ ಕೊಳಾಯಿ ತಿರುಗಿಸಿ ಲೋಟಕ್ಕೆ ನೀರು ಬಿಟ್ಟಳು, ತಿರುಗಿಸಿ ನಿಲ್ಲಿಸಿದಳು. ರೇಣುಕಯ್ಯ ಆ ಕೊಳಾಯಿಯನ್ನೇ ದಿಟ್ಟಿಸಿದ. ಒಳಗೊಂದು ತೂತಿರುವ ಹಿತ್ತಾಳೆಯ ಗೂಟ. ತೂತು ಎದುರಿಗೆ ಬಂದರೆ ದಾರಿ, ಪಕ್ಕಕ್ಕೆ ಹೋದರೆ ಗೋಡೆ. ಗುದ್ದಾಟವಿಲ್ಲ, ಸ್ಪ್ರಿಂಗಿಲ್ಲ.

"ಇನ್ನೊಂದ್ಸಲ ತಿರುಗ್ಸು" ಎಂದ.

"ಕಾಫಿ ಕುಡೀರಿ. ಕೊಳಾಯೀನ ನೋಡಿದ್ರೆ ಹೊಟ್ಟೆ ತುಂಬ್ತದಾ?"

"ಸದ್ದೇ ಇಲ್ಲ ನೋಡು!"

"ಸದ್ದಿಲ್ದೆ ಏನು? ಹಂಡೆ ಕಾದ್ಮೇಲೆ ತಿರುಗಾಕಿಲ್ಲ ಅಂತದೆ ಇದು. ಆಗ ಕಟ್ಟಿಗೆ ತಗೊಂಡು ನಾಕು ಬಡೀತೀನಿ, ಕೇಳುಸ್ಕೊಂಡಿಲ್ವಾ?" ಎಂದಳು ಪುಟ್ಟಕ್ಕ.

ರೇಣುಕಯ್ಯ ಕೇಳಿಸಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವನ ಕಿವಿಯಲ್ಲಿ ಹತ್ತಿ ಇತ್ತು.

ಅವನು ನೆಲದ ಮೇಲೆ ಇದ್ದಿಲಿನಲ್ಲಿ ಚಿತ್ರ ಬರೆದ. ಎಂಜಿನ್ನಿನ ನೆತ್ತಿಯ ಉದ್ದಕ್ಕೂ ಒಂದು ಕಬ್ಬಿಣದ ಕೊಳವೆ ಮಲಗಿಸುವುದು. ಅದಕ್ಕೆ ಅಲ್ಲಲ್ಲಿ ತೂತು. ಎಂಜಿನ್ ಎರಡು ಸುತ್ತು ತಿರುಗುವಷ್ಟರಲ್ಲಿ ಚೈನಿನ ಮೂಲಕ ಈ ಕೊಳವೆ ಒಂದು ಸುತ್ತು ತಿರುಗಬೇಕು. ಒಂದು ತೂತು ಎದುರಾದಾಗ ಗ್ಯಾಸು ಒಳಗೆ, ಇನ್ನೊಂದು ಎದುರಾದಾಗ ಹೊಗೆ ಹೊರಗೆ. ಮಧುಗಿರಿಯವರೇ ಆದ ವೆಂಕಟರಾಮಯ್ಯನವರು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳುತ್ತಿದ್ದರು. ರಜಕ್ಕೆ ಊರಿಗೆ ಬಂದಿದ್ದ ಅವರನ್ನು ಕರೆತಂದು ಚಿತ್ರ ತೋರಿಸಿದ.

ವೆಂಕಟರಾಮಯ್ಯನವರು ಪಂಚೆ ಮೇಲೆತ್ತಿ ಕುಕ್ಕರುಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. "ಇದು ಹೊಸದಲ್ಲ ರೇಣುಕಯ್ಯ. ಇಂಗ್ಲೆಂಡಿನಲ್ಲಿ, ಜರ್ಮನಿಯಲ್ಲಿ ದೊಡ್ಡ ದೊಡ್ಡವರೆಲ್ಲ ಮಾಡಿ ಕೈ ಸುಟ್ಕೊಂಡಿದಾರೆ. ಕಬ್ಬಿಣ ಕಾದರೆ ಹಿಗ್ಗತ್ತೆ. ಕೊಳವೇನ ಬಿಗಿಯಾಗಿ ಕೂರಿಸಿದ್ರೆ ಕಾದಾಗ ಕಚ್ಚಿಕೊಳ್ಳತ್ತೆ. ಸಡಿಲವಾಗಿ ಕೂರಿಸಿದ್ರೆ ಸಂದಿಯಲ್ಲಿ ಗ್ಯಾಸು ಸೋರತ್ತೆ. ಮಧ್ಯೆ ಜಾಗಾನೇ ಇಲ್ಲ."

"ಬುದ್ದಿ, ಹಾರ್ಮೋನಿಯಂ ಪೆಟ್ಟಿಗೇಲೂ ಗಾಳಿ ಸೋರ್ತದೆ. ಚರ್ಮ ಅಂಟುಸ್ತೀವಿ."

"ಎಂಜಿನ್ ಒಳಗೆ ಬೆಂಕಿ ಇದೆಯಪ್ಪಾ, ಚರ್ಮ ಸುಟ್ಟುಹೋಗತ್ತೆ."

"ಸುಟ್ರೆ ಇನ್ನೊಂದು ಅಂಟುಸ್ತೀನಿ."

ವೆಂಕಟರಾಮಯ್ಯನವರು ಆಗುವುದಿಲ್ಲ, ಆಗುವುದಿಲ್ಲ ಎನ್ನುತ್ತಲೇ ಕೊಳವೆಯ ಅಳತೆ ಹಾಕಿಕೊಟ್ಟರು. ಮುಂದಿನ ರಜಕ್ಕೆ ಬಂದಾಗ ಆಗುವುದಿಲ್ಲ ಎನ್ನುತ್ತಲೇ ಅರ ಹಿಡಿದು ಕೂತರು. ನಸ್ರುಲ್ಲಾನ ಭಾವಮೈದ ರಹೀಮ್ ಸಿರಾದಲ್ಲಿ ಕಬ್ಬಿನ ಗಾಣಗಳಿಗೆ ಎರಕ ಹೊಯ್ಯುತ್ತಿದ್ದ. ಅವನು ಎಂಜಿನ್ನಿಗೊಂದು ಹೊಸ ತಲೆ ಎರೆದುಕೊಟ್ಟ. ತುಮಕೂರಿನಲ್ಲಿ ಲೇತು ಹಿಡಿಸಿದ್ದಾಯಿತು. ವೃಷಭೇಂದ್ರಪ್ಪನಿಗೆ, "ವಾಲ್ವು ಉಜ್ಜೋ ಕಾಟ ತಪ್ತದೆ ಸಾವ್ಕಾರ್ರೇ, ದಿನಾ ಬಸ್ಸು ಓಡ್ತದೆ" ಎಂದಷ್ಟೇ ಹೇಳಿ ಒಪ್ಪಿಸಿದ್ದರು. ಚರ್ಮ ಮಾತ್ರ ಮೊದಲ ದಿನವೇ, ಎಂಜಿನ್ ಸರಿಯಾಗಿ ಹತ್ತುವ ಮೊದಲೇ ಸುಟ್ಟು, ಇಡೀ ಬಸ್ ಸ್ಟ್ಯಾಂಡು ಮೂಗು ಮುಚ್ಚಿಕೊಂಡಿತು. ಕೊನೆಗೆ ಕೊಳವೆಯ ಮೇಲೆ ಸದಾ ಹರಳೆಣ್ಣೆ ತೊಟ್ಟಿಕ್ಕುವ ಹಾಗೆ ಒಂದು ಡಬ್ಬಿ ಕಟ್ಟಿದರು.

ಡಬ್ಬಿ ಕಟ್ಟಿದ ಮೇಲೆ ಷೆಡ್ಡಿನಲ್ಲಿ ಮೊದಲ ಸಲ ಎಂಜಿನ್ ತಿರುವಿದಾಗ ನಸ್ರುಲ್ಲಾ, "ಹತ್ತಲಿಲ್ಲ ರೇಣುಕಣ್ಣ, ಇನ್ನೊಂದು ದಫಾ ತಿರುವು" ಎಂದ.

"ಹತ್ತೈತೆ ಕಣಯ್ಯ."

"ಎಲ್ಲಿ ಹತ್ತೈತೆ? ಆವಾಜೇ ಇಲ್ಲ!"

ರೇಣುಕಯ್ಯ ಅವನ ಕೈ ಹಿಡಿದು ಎಂಜಿನ್ನಿನ ಮೇಲಿಟ್ಟ. ಅದು ಬೆಕ್ಕು ಮಲಗಿ ಗುರುಗುಟ್ಟಿದ ಹಾಗೆ ಸಣ್ಣಗೆ ನಡುಗುತ್ತಿತ್ತು. ನಸ್ರುಲ್ಲಾ ಕೈ ಹಿಂದಕ್ಕೆಳೆದುಕೊಂಡು, "ಯಾ ಅಲ್ಲಾ, ಜಾದು" ಎಂದ. ರೇಣುಕಯ್ಯ ಕಿವಿಯ ಹತ್ತಿ ತೆಗೆದು ಎಸೆದ. ಕಣ್ಣಲ್ಲಿ ನೀರು ಬಂದಿತ್ತು. ಹರಳೆಣ್ಣೆಯ ಹೊಗೆಗೆ ಎಂದು ಆಮೇಲೆ ಹೇಳುತ್ತಿದ್ದ.

ಮರುದಿನವೇ ಪಾವಗಡಕ್ಕೆ ಸವಾರಿ ಹೊರಟಿತು. ಮಧುಗಿರಿಯಲ್ಲಿ ಹತ್ತಿದವರು ಬೆಪ್ಪಾಗಿ ಕೂತರು. ಅವರಿಗೆ ತಮ್ಮ ಮಾತು ತಮಗೇ ಕೇಳಿಸುತ್ತಿತ್ತು. ಅದುವರೆಗೆ ಬಸ್ಸಿನಲ್ಲಿ ಕೂಗಿ ಅಭ್ಯಾಸವಾಗಿದ್ದ ಒಬ್ಬಾತ ಪಕ್ಕದವನ ಕಿವಿಗೆ ತನ್ನ ಸೊಸೆಯ ಗುಟ್ಟೊಂದನ್ನು ಗಟ್ಟಿಯಾಗಿ ಹೇಳಿ, ಇಡೀ ಬಸ್ಸಿಗೆ ಕೇಳಿಸಿ, ಮುಂದೆ ಕೂತಿದ್ದ ಬೀಗರ ಜೊತೆ ಜಗಳ ಹತ್ತಿಸಿಕೊಂಡ.

ದಾರಿಯ ಮಿಡಿಗೇಶಿಯಲ್ಲಿ ಒಬ್ಬರೂ ಹತ್ತಲಿಲ್ಲ. ದಿನವೂ ಹರದಾರಿ ದೂರದಿಂದಲೇ ಟಕಟಕ ಕೇಳಿ, ಆಮೇಲೆ ಉಂಡು, ಪೇಟ ಸುತ್ತಿ, ಬೀಗ ಹಾಕಿಕೊಂಡು ಬರುವವರು ಅವರು. ಬಸ್ಸು ಬಂದು ನಿಂತು ಹೋದಮೇಲೆ ಯಾರೋ ನೋಡಿದರು. ಹಿಂದಿನಿಂದ ಗಂಟು ಹೊತ್ತು ಓಡಿಬಂದರು.

ಅದರ ಮೇಲೆ ಹರಳೆಣ್ಣೆ. ತೊಟ್ಟಿಕ್ಕಿದ ಎಣ್ಣೆ ಸುಟ್ಟು ಬಸ್ಸಿನೊಳಗೆಲ್ಲ ಹೊಗೆ. ನಮ್ಮ ಕಡೆ ಚಿಕ್ಕಂದಿನಲ್ಲಿ ಮೂಗು ಹಿಡಿದು ಹರಳೆಣ್ಣೆ ಕುಡಿಸಿಕೊಳ್ಳದವರು ಯಾರಿದ್ದಾರೆ? ಆ ವಾಸನೆಗೇ ಹಲವರ ಹೊಟ್ಟೆ ಹಳೆಯದನ್ನೆಲ್ಲ ನೆನೆಸಿಕೊಂಡಿತು. "ನಿಲ್ಸಪ್ಪಾ, ನಿಲ್ಸು!" ಎಂದು ಒಬ್ಬೊಬ್ಬರೇ ಇಳಿದು ಬೇಲಿಯ ಮರೆಗೆ ಓಡಿದರು.

ಪಾವಗಡ ಮೈಸೂರಿನದೇ ಆದರೂ ದಾರಿಯಲ್ಲಿ ಮದರಾಸು ಸೀಮೆಯ ಗಡಿ ದಾಟಬೇಕು. ಯುದ್ಧಕಾಲವಾದ್ದರಿಂದ ಮೈಸೂರು ಸೀಮೆಯ ರಾಗಿ ಆಚೆ ದಾಟದಂತೆ ಅಲ್ಲೊಂದು ಚೌಕಿ ಹಾಕಿ, ರಸ್ತೆಗೆ ಬಿದಿರಿನ ಗಳು ಅಡ್ಡ ಕಟ್ಟಿದ್ದರು. ಚೌಕಿಯ ಜವಾನ ಬೋರಪ್ಪನದು ಒಂದು ಕ್ರಮ: ಗಳುವಿನ ಪಕ್ಕದಲ್ಲೇ ಮಲಗುವುದು, ಬಸ್ಸಿನ ಸದ್ದು ಕೇಳಿದಾಗ ಏಳುವುದು, ಗಳು ಎತ್ತುವುದು. ಅಂದು ಸದ್ದು ಬರಲಿಲ್ಲ. ನಸ್ರುಲ್ಲಾ ಹಾರನ್ನನ್ನೂ ಒತ್ತದೆ, ಬೋರಪ್ಪ ಏಳುತ್ತಾನೆಂದು ನಂಬಿ ಬಂದ. ಆ ಬಸ್ಸಿನ ಬ್ರೇಕು, ಬೇಡಿಕೊಂಡಾಗ ಮಾತ್ರ ಹಿಡಿಯುವಂಥದು. ಗಳು ಫಟ್ಟೆಂದು ಮುರಿಯಿತು. ಬೋರಪ್ಪ ಎದ್ದು, "ಅಯ್ಯೋ ದೇವುಡಾ, ಸಚ್ಚಿನೋ!" ಎಂದು, ಸತ್ತೆನೆಂದೇ ತೆಲುಗಿನಲ್ಲಿ ಕೂಗುತ್ತಾ, ಹೊಲದೊಳಗೆ ಓಡಿದ. ಚೌಕಿಯಿಂದ ಇನ್‌ಸ್ಪೆಕ್ಟರು ಕೂಗುತ್ತಾ ಹೊರಗೆ ಬಂದರು. ತಪ್ಪಿಸಿಕೊಂಡು ಓಡುವ ಉದ್ದೇಶ ಯಾರಿಗೂ ಇರಲಿಲ್ಲ, ಇದ್ದರೂ ಆಗುತ್ತಿರಲಿಲ್ಲ. ಕೊಳವೆ ಕಾದು ಕಚ್ಚಿಕೊಂಡು, ಬಸ್ಸು ಅಲ್ಲೇ ನಿಂತುಬಿಟ್ಟಿತ್ತು.

"ಸದ್ದಿಲ್ಲದೆ ಗಡಿ ದಾಟೋ ಬಸ್ಸು! ಏನ್ ಸಾಗಿಸ್ತಿದೀರಯ್ಯ?" ಎಂದರು ಇನ್‌ಸ್ಪೆಕ್ಟರು.

ಸೀಟು ಎತ್ತಿಸಿದರು, ಇದ್ದಿಲ ಚೀಲ ಸುರಿಸಿದರು. ರಾಗಿ ಸಿಗಲಿಲ್ಲ. ಆಗ ರೇಣುಕಯ್ಯ ತನ್ನ ಕೊಳವೆಯ ವಿಚಾರ ಮೊದಲಿನಿಂದ ವಿವರಿಸಲು ಹೊರಟ. ಹಂಡೆಯ ಕೊಳಾಯಿಯ ತನಕ ಕೇಳಿದ ಇನ್‌ಸ್ಪೆಕ್ಟರು ಕೈ ಎತ್ತಿ, "ಸಾಕು. ಇನ್ನು ಈ ಬಸ್ಸು ಬರ್ತಿದೆ ಅಂತ ದೂರದಿಂದ್ಲೇ ಗೊತ್ತಾಗಬೇಕು. ಸದ್ದು ಮಾಡ್ಕೊಂಡು ಬಂದ್ರೆ ಬಿಡ್ತೀನಿ, ಇಲ್ದಿದ್ರೆ ಇಲ್ಲ" ಎಂದರು.

ಲೋಕದಲ್ಲಿ ಸದ್ದನ್ನು ಕಂಡರಾಗದ ಮನುಷ್ಯನಿಗೇ ಸದ್ದು ಮಾಡೆಂದು ಸರ್ಕಾರದ ಅಪ್ಪಣೆಯಾಯಿತು. ತಣ್ಣಗಾದ ಮೇಲೆ ಬಸ್ಸನ್ನು ತಿರುಗಿಸಿಕೊಂಡು ಊರಿಗೆ ಬಂದು ರೇಣುಕಯ್ಯ ಮಂಕಾಗಿ ಕೂತ. ಆಗ ಪುಟ್ಟಕ್ಕ, "ದಾರಿ ಉದ್ದಕ್ಕೂ ಹಾರನ್ನು ಒತ್ತೋರ್ಯಾರು? ಎತ್ತಿನ ಗಂಟೆ ಕಟ್ರೀ. ಗಂಟೆ ಆದ್ರೂ ಸುತಿಯಾಗಿರ್ತಾವೆ" ಎಂದಳು. ಹಾರ್ಮೋನಿಯಂ ಮುಂದಿಟ್ಟುಕೊಂಡು ಅವನು ಸಂತೆಯಲ್ಲಿದ್ದ ಗಂಟೆಗಳನ್ನೆಲ್ಲ ಬಡಿದು ನೋಡಿ, ಷಡ್ಜಕ್ಕೊಂದು ಪಂಚಮಕ್ಕೊಂದು ಆರಿಸಿ ಬಂಪರಿಗೆ ಕಟ್ಟಿದ.

ಕಚ್ಚಿಕೊಳ್ಳುವ ಕೊಳವೆಗೆ ವೆಂಕಟರಾಮಯ್ಯನವರು ಒಂದು ಉಪಾಯ ಹೇಳಿದರು. "ಕೂದಲೆಳೆಯಷ್ಟು ಉಜ್ಜು. ಮೇಲೆ ಒದ್ದೆ ಗೋಣಿ ಹಾಕಿ ತಣ್ಣಗಿಟ್ಕೋ. ಆದರೂ ಆಗೋದಿಲ್ಲ. ನಾನೂ ಬರ್ತೀನಿ, ಹೇಗೆ ಆಗೋದಿಲ್ಲ ಅಂತ ನೋಡಬೇಕು."

ಗೋಣಿಗೆ ನೀರು ಹನಿಸುತ್ತಾ ಇರುವವರು ಯಾರು? ಎಂಜಿನ್ನಿನ ಪಕ್ಕ ಮಡ್‌ಗಾರ್ಡಿನ ಮೇಲೆ ಕೂರಬೇಕು. ನಸ್ರುಲ್ಲಾ ಡ್ರೈವರು, ರೇಣುಕಯ್ಯ ಎಣ್ಣೆ ಡಬ್ಬಿಯ ಕಡೆ, ವೆಂಕಟರಾಮಯ್ಯನವರು ಕೂತರೆ ಮಡ್‌ಗಾರ್ಡು ಕಳಚುತ್ತಿತ್ತು.

"ಅಂಗಡಿ ಮುಚ್ತೀನಿ ಬುಡ್ರಿ" ಎಂದಳು ಪುಟ್ಟಕ್ಕ. "ಬಿಸಿ ಕೊಳಾಯಿ ಜೊತೆ ಏಗಿ ನಂಗೆ ರೂಢಿ ಐತೆ." ಸೆರಗು ಸಿಕ್ಕಿಸಿ, ಕಂಕುಳಲ್ಲಿ ನೀರಿನ ಬಿಂದಿಗೆ ಅವುಚಿಕೊಂಡು ಮಡ್‌ಗಾರ್ಡು ಹತ್ತಿ ಕೂತಳು. ಮಧುಗಿರಿಯಲ್ಲಿ ಅದುವರೆಗೆ ಹೆಂಗಸೊಬ್ಬಳು ಮೋಟಾರಿನ ಹೊರಗೆ ಕೂತು ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಚಳಿಗಾಲದ ಬೆಳಗು. ಗಂಟೆಗಳು ಇಂಪಾಗಿ ನುಡಿಯುತ್ತಾ ಬಸ್ಸು ಮಿಡಿಗೇಶಿ ಹೊಕ್ಕಿತು. ಈ ಸಲ ಊರಿಗೆ ಊರೇ ಬಾಗಿಲಿಗೆ ಬಂತು. ಆದರೆ ಬಂದದ್ದು ಬಸ್ಸೆಂದಲ್ಲ, ಕೋಲೆಬಸವ ಬಂತೆಂದು. ಕದರಮ್ಮನೆಂಬ ಮುದುಕಿ ಕಣ್ಣು ಮಂಜಾದವಳು, ಮೊರದ ತುಂಬ ರಾಗಿ ತಂದು ಮುಂದೆ ನಿಂತಳು.

"ಅಜ್ಜೀ, ಇದು ಬಸವ ಅಲ್ಲ, ಮೋಟಾರು" ಎಂದ ನಸ್ರುಲ್ಲಾ.

"ಯಾವುದಾದ್ರೇನಪ್ಪ, ಬಾಗ್ಲಿಗೆ ಬಂದದ್ದನ್ನ ಬರಿಗೈಲಿ ಕಳಿಸ್ಬಾರ್ದು" ಎಂದು ಮೆಟ್ಟಿಲಿನ ಮೇಲಿದ್ದ ಖಾಲಿ ಚೀಲಕ್ಕೆ ಸುರಿದಳು. ಮಡ್‌ಗಾರ್ಡಿನ ಮೇಲೆ ಬಿಂದಿಗೆ ಹಿಡಿದು ಕೂತಿದ್ದ ಪುಟ್ಟಕ್ಕನಿಗೆ ಕೈಯನ್ನೂ ಮುಗಿದಳು. ಅದನ್ನು ನೋಡಿ ಉಳಿದ ಹೆಂಗಸರೂ ಸುರಿದರು, ಮುಗಿದರು. ಬೇಡವೆಂದರೆ ಕೇಳುವವರಿಲ್ಲ. ಎಂಜಿನ್ ನಿಲ್ಲಿಸಿದರೆ ಮತ್ತೆ ಹತ್ತುತ್ತದೋ ಇಲ್ಲವೋ ಎಂದು ಹೆದರಿ ಅವರು ಹಾಗೇ ಹೊರಟರು.

ಗಡಿಯಲ್ಲಿ ಬೋರಪ್ಪ ಎದ್ದೇ ಇದ್ದ. ಗಂಟೆ ಕೇಳಿ ಗಳು ಎತ್ತಿದ. ಇನ್‌ಸ್ಪೆಕ್ಟರು ಮೆಚ್ಚಿಕೊಂಡು ಹತ್ತಿರ ಬಂದವರು, ಮೆಟ್ಟಿಲಿನ ಚೀಲದ ಬಾಯಿ ಬಿಚ್ಚಿ ನೋಡಿದರು. ರಾಗಿ.

ಪುಟ್ಟಕ್ಕ ಮಡ್‌ಗಾರ್ಡಿನ ಮೇಲಿಂದಲೇ, "ಬಸ್ಸಿಗೆ ಭಿಕ್ಷೆ ಹಾಕವ್ರೆ ಬುದ್ದಿ" ಎಂದಳು.

"ಬಸ್ಸಿಗೆ?"

"ಹೂಂ. ಸದ್ದು ಮಾಡಿ ಅಂದೋರು ನೀವು ತಾನೆ? ಗಂಟೆ ಕಟ್ಟುದ್ವಿ. ಬಸವ ಅಂತ ಹಾಕವ್ರೆ. ನೀವೇ ಮಡಿಕ್ಕೊಳ್ಳಿ, ನಮಗ್ಯಾಕೆ ಬಸವನ ರಾಗಿ."

ಇನ್‌ಸ್ಪೆಕ್ಟರು ನೊಸಲು ಗಂಟಿಕ್ಕಿದರು. ಆಮೇಲೆ ಒಳಗಿನಿಂದ ಬಂದ ನಗೆಯನ್ನು ತಡೆಯಲಾರದೆ ಚೌಕಿಯ ಕಡೆ ತಿರುಗಿ ನಿಂತರು. ಬೆನ್ನು ಕುಲುಕುತ್ತಿತ್ತು. ತಿರುಗದೆಯೇ ಕೈಯಾಡಿಸಿ ಹೋಗಿ ಎಂದರು. ರಾಗಿಯನ್ನು ಬೋರಪ್ಪ ಇಳಿಸಿಕೊಂಡ.

ಅಲ್ಲಿಂದ ಮುಂದೆ ಏರು. ಕೊಳವೆ ಬಿಸಿಯಾದಂತೆಲ್ಲ ಪುಟ್ಟಕ್ಕ ಚಿಮುಕಿಸಿದಳು. ಬಗ್ಗಿ ಕಿವಿಗೊಟ್ಟು ಕೂತಿದ್ದ ರೇಣುಕಯ್ಯ, "ಸ್ವಲ್ಪ ಬಿಗೀತಾ ಐತೆ, ಹಾಕು… ಸಾಕು… ಈಗ ಸರಿ" ಎನ್ನುತ್ತಿದ್ದ. ಅವನಿಗೆ ಕೇಳಿಸಿದ್ದು ಪಕ್ಕದಲ್ಲಿದ್ದ ವೆಂಕಟರಾಮಯ್ಯನವರಿಗೆ ಕೇಳಿಸುತ್ತಿರಲಿಲ್ಲ. ಅವರು ಹೊಗೆಗೆ ಕೆಮ್ಮುತ್ತಾ, "ಆಗೋದಿಲ್ಲ, ಆಗೋದಿಲ್ಲ" ಎನ್ನುತ್ತಲೇ ಇದ್ದರು. ಪಾವಗಡದ ಬೆಟ್ಟ ಕಂಡಾಗ ಆ ಮಾತು ನಿಂತಿತು. ಬಸ್ ಸ್ಟ್ಯಾಂಡಿನಲ್ಲಿ ಇಳಿದವರೇ ರೇಣುಕಯ್ಯನನ್ನು ತಬ್ಬಿಕೊಂಡರು. ಇಬ್ಬರ ಬಟ್ಟೆಯೂ ಎಣ್ಣೆಯಾಯಿತು.

ಕಡಲೆಕಾಯಿ ವ್ಯಾಪಾರಕ್ಕೆಂದು ಪಾವಗಡದಲ್ಲೇ ಇದ್ದ ವೃಷಭೇಂದ್ರಪ್ಪ ಸುದ್ದಿ ಕೇಳಿ ಓಡಿಬಂದ. ಕಂಡ ಕಂಡವರನ್ನೆಲ್ಲ ಕರೆದು, "ಬಾರಯ್ಯಾ, ನಮ್ಮ ಬಸ್ಸು ಕೇಳ್ಬಾ!" ಎಂದ. ಊಟವಾದ ಮೇಲೆ ವಾಪಸು ಹೊರಟಾಗ ತಾನೇ ಮುಂದೆ ಕೂತ. ಮಧ್ಯಾಹ್ನದ ಬಿಸಿಲು ಏರಿತ್ತು. ಅರ್ಧ ದಾರಿಗೆ ಬಿಂದಿಗೆ ಬರಿದಾಯಿತು. ರಸ್ತೆ ಪಕ್ಕದ ಬಾವಿಯ ಬಳಿ ನಿಲ್ಲಿಸಿದರು. ಎಂಜಿನ್ ಇನ್ನೂ ತಿರುಗುತ್ತಿತ್ತು. ಪುಟ್ಟಕ್ಕ ಸೇದಿ ತಂದ ಬಿಂದಿಗೆಯನ್ನು ಕೆಳಗಿಟ್ಟು ಮುಖ ತೊಳೆಯುತ್ತಿದ್ದಳು. ವೃಷಭೇಂದ್ರಪ್ಪನ ಉತ್ಸಾಹ ಅಷ್ಟಿಷ್ಟಲ್ಲ.

"ನೀನು ಕೂತ್ಕಳಮ್ಮ, ದಣ್ದಿದೀಯ. ನಾನ್ ಹಾಕ್ತೀನಿ" ಎಂದು ಬಿಂದಿಗೆ ಎತ್ತಿದ.

"ಹನಿಸ್ಬೇಕು ಸಾವ್ಕಾರ್ರೇ, ಹನಿಸ್ಬೇಕು—" ಎಂದು ಪುಟ್ಟಕ್ಕ ಕೂಗುವಷ್ಟರಲ್ಲಿ ಕೊರೆಯುವ ಬಾವಿ ನೀರನ್ನು ಬಿಂದಿಗೆಗೆ ಬಿಂದಿಗೆಯೇ ಕಾದ ಕಬ್ಬಿಣದ ಮೇಲೆ ಕವುಚಿದ.

ಟಣ್!

ಆವಿ ಇಳಿದ ಮೇಲೆ ನೋಡಿದರೆ ಎಂಜಿನ್ನಿನ ತಲೆ ಈ ಕಡೆಯಿಂದ ಆ ಕಡೆಗೆ ಸೀಳಿತ್ತು. ಕೊಳವೆ ಕಚ್ಚಿಕೊಂಡು, ಚೈನು ತುಂಡಾಗಿ ರಸ್ತೆಯಲ್ಲಿ ಬಿದ್ದಿತ್ತು. ವೃಷಭೇಂದ್ರಪ್ಪ ಖಾಲಿ ಬಿಂದಿಗೆ ಹಿಡಿದು ಕಲ್ಲಿನ ಹಾಗೆ ನಿಂತಿದ್ದ. ಯಾರನ್ನಾದರೂ ಬೈಯಬೇಕೆಂದು ಸುತ್ತ ನೋಡಿದ. ಬೈಯಲು ತನ್ನ ಹೊರತು ಯಾರೂ ಇರಲಿಲ್ಲ.

ರೇಣುಕಯ್ಯ ಸೀಳಿನ ಮೇಲೆ ಬಗ್ಗಿ ನೋಡಿದ. ಎಲ್ಲರೂ ಅವನು ಅಳುತ್ತಾನೆಂದುಕೊಂಡರು.

"ಪಂಚಮದಲ್ಲಿ ಒಡೀತು" ಎಂದ.

ಪುಟ್ಟಕ್ಕ ಮೊದಲು ನಕ್ಕಳು. ಆಮೇಲೆ ನಸ್ರುಲ್ಲಾ. ಸಾವ್ಕಾರನೂ ನಗುತ್ತಾನೆಂದು ಖಾತ್ರಿಯಾದ ಮೇಲೆ ಪ್ರಯಾಣಿಕರು. ಎತ್ತುಗಳನ್ನು ತಂದು ಕಟ್ಟಿ ಬಸ್ಸನ್ನು ಎಳೆಸಿಕೊಂಡು ಬಂದರು. ಎತ್ತುಗಳ ಕೊರಳಲ್ಲೂ ಗಂಟೆ, ಬಸ್ಸಿಗೂ ಗಂಟೆ.

ಹಳೆಯ ತಲೆಯನ್ನೇ ಮತ್ತೆ ಕೂಡಿಸಿದ್ದಾಯಿತು. ವೃಷಭೇಂದ್ರಪ್ಪ ಇನ್ನೊಂದು ಎರೆಸೋಣವೆಂದ. ತಪ್ಪು ತನ್ನದೆಂಬ ಸಂಕೋಚ ಅವನಿಗೆ. ರೇಣುಕಯ್ಯನೇ ಬೇಡವೆಂದ. ಮೇಷ್ಟ್ರು ಹೇಳಿದ್ದು ನಿಜ, ಮಧ್ಯೆ ಜಾಗ ಬಲು ಕಡಿಮೆ. ಒಂದು ಬೆಳಗು ಅಲ್ಲಿ ಕೂತು ಬಂದದ್ದು ಸಾಕು ಎಂದ. ವೆಂಕಟರಾಮಯ್ಯನವರಿಗೆ ಮಾತ್ರ ಸಾಕೆನಿಸಲಿಲ್ಲ. ಅವರು ಪ್ರತಿ ರಜಕ್ಕೂ ಬಂದು ಕುಕ್ಕರುಗಾಲಲ್ಲಿ ಕೂತು, "ಎರಕದ ಕಬ್ಬಿಣಕ್ಕೆ ಬದಲು ಕಂಚು ಹಾಕಿದ್ರೆ ಆಗಬಹುದಿತ್ತು ರೇಣುಕಯ್ಯ" ಎನ್ನುತ್ತಿದ್ದರು. ರೇಣುಕಯ್ಯ ಈಗ, "ಆಗಾಕಿಲ್ಲ ಬುದ್ದಿ" ಎನ್ನುತ್ತಿದ್ದ.

ಯುದ್ಧ ಮುಗಿದ ಮೇಲೆ ಅವನೂ ನಸ್ರುಲ್ಲಾನೂ ಸೇರಿ ಸಿರಾದಲ್ಲಿ ಒಂದು ವರ್ಕ್‌ಶಾಪು ಹಾಕಿದರು. ಬುಕ್ಕಾಪಟ್ಟಣ, ಬರಗೂರಿನ ಕಡೆಯ ಲಾರಿಗಳೆಲ್ಲ ಅಲ್ಲಿಗೇ ಬರುತ್ತಿದ್ದವು. ಕೊಳವೆಯ ವಿಚಾರ ಯಾರಾದರೂ ಎತ್ತಿದರೆ ರೇಣುಕಯ್ಯ ಚುಟುಕಾಗಿ ಹೇಳಿ ಮುಗಿಸುತ್ತಿದ್ದ: ಮಾಡಿದೆವು, ಓಡಿತು, ಒಡೆಯಿತು. ಆಗ ಪಕ್ಕದ ಕಾಫಿ ಅಂಗಡಿಯಿಂದ ಪುಟ್ಟಕ್ಕ ಕೈ ಒರೆಸಿಕೊಂಡು ಬರುತ್ತಿದ್ದಳು.

"ಅವ್ರಿಗೇನು ಗೊತ್ತು, ಎಣ್ಣೆ ಡಬ್ಬಿ ಹಿಡ್ಕೊಂಡು ಕೂತಿದ್ರು. ಮುಂದೆ ಕೂತೋಳು ನಾನು. ಕೂತ್ಕಳಪ್ಪ, ಹೇಳ್ತೀನಿ. ಮಿಡಿಗೇಶಿಗೆ ಹೋಗೋ ಹೊತ್ಗೆ ಊರೋರೆಲ್ಲ ನಂಗೆ ಕೈ ಮುಗೀತವ್ರೆ…"